ನೀರಿನಂತೆ ನೆಣ

ಕಳೆದ ನವೆಂಬರಿನಲ್ಲಿ ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಬೂತಾಯಿ ಕೊಳ್ಳುತ್ತಿದ್ದಾಗ, ಮಾರುವಾಕೆ ಒಂದು ಮೀನನ್ನೆತ್ತಿ ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತಿ ತೋರಿಸಿದರು. ‘ನೆಣ ಉಂಟು ಅಕ್ಕಾ, ಸಾರಿಗೆ ಬೇರೆ ಎಣ್ಣೆ ಹಾಕುವುದು ಬೇಡ’ ಎಂದರು. ಮನೆಗೆ ತಂದು ಹೊಟ್ಟೆ ಸೀಳಿದಾಗ ಅವರ ಮಾತು ನಿಜವಾಯಿತು. ಕರುಳಿನ ಸುತ್ತ ತೆಳುಹಳದಿ ಪದರ, ಬೆರಳಿಗೆ ಅಂಟುವ ಜಿಡ್ಡು. ಎರಡು ಸಲ ಸೋಪು ಹಚ್ಚಿ ತೊಳೆದರೂ ಕೈ ಜಾರುತ್ತಲೇ ಇತ್ತು. ಮಣ್ಣಿನ ಗಡಿಗೆಯಲ್ಲಿ ಪುಳಿಮುಂಚಿ ಸಾರು ಕುದಿಯತೊಡಗಿದಂತೆ ಬ್ಯಾಡಗಿ ಮೆಣಸಿನ ಬಣ್ಣ ಹೀರಿದ ಎಣ್ಣೆಹನಿಗಳು ಮೇಲೆದ್ದು, ಒಂದಕ್ಕೊಂದು ಕೂಡಿ, ಗಡಿಗೆಯ ಅಂಚಿನಲ್ಲಿ ಕೆಂಪು ಉಂಗುರ ಕಟ್ಟಿದವು. ನಾನು ಒಂದು ಚಮಚ ಎಣ್ಣೆಯನ್ನೂ ಹಾಕಿರಲಿಲ್ಲ.

ಮುಂದಿನ ವಾರ ಮೈಸೂರಿನ ನೆಂಟರ ಮನೆಯಲ್ಲಿ ಕಾಟ್ಲಾ ಸಾರು. ಕೊಳದಲ್ಲಿ ಸಾಕಿದ, ಮೂರು ಕಿಲೋ ತೂಗುವ ಮೀನು. ಅದರ ಹೊಟ್ಟೆಯಲ್ಲೂ ನೆಣ ದಂಡಿಯಾಗಿತ್ತು. ಆದರೆ ಬೆಳ್ಳಗೆ, ದಪ್ಪಗೆ, ಕೈಗೆ ಬೇರೆಯೇ ಆಗಿ ತಾಗುವಂಥದ್ದು. ಊಟಕ್ಕೆ ಕೂತಾಗ ಮನೆಯ ಹಿರಿಯರು, ‘ಹೃದಯಕ್ಕೆ ಒಳ್ಳೇದು ಅಂತ ಡಾಕ್ಟರು ಮೀನು ತಿನ್ನೋಕೆ ಹೇಳಿದ್ದಾರೆ’ ಎಂದು ಇನ್ನೊಂದು ತುಂಡು ಬಡಿಸಿಕೊಂಡರು. ಡಾಕ್ಟರು ಹೇಳಿದ್ದು ಸರಿ. ಆದರೆ ಯಾವ ಮೀನು? ಕಡಲಿನ ಬೂತಾಯಿಯ ನೆಣವೂ ಕೊಳದ ಕಾಟ್ಲಾದ ನೆಣವೂ ಒಂದೇ ಏನು?

ಒಂದೇ ಅಲ್ಲ. ಆ ವ್ಯತ್ಯಾಸ ಮೀನಿನ ಜಾತಿಯಿಂದ ಬಂದದ್ದಕ್ಕಿಂತ ಹೆಚ್ಚಾಗಿ ಅದು ಈಜಿದ ನೀರಿನಿಂದ, ಆ ನೀರಿನಲ್ಲಿ ಅದು ತಿಂದ ಆಹಾರದಿಂದ ಬಂದದ್ದು.

ಸರಪಳಿಯ ಲೆಕ್ಕ

ಎಣ್ಣೆಯಾಗಲಿ ನೆಣವಾಗಲಿ, ಒಳಗಿನ ಕಟ್ಟೋಣ ಒಂದೇ. ಗ್ಲಿಸರಾಲ್ ಎಂಬ ಪುಟ್ಟ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಜೋತುಬಿದ್ದಿರುತ್ತವೆ. ಪ್ರತಿ ಕೊಬ್ಬಿನಾಮ್ಲವೂ ಇಂಗಾಲದ ಪರಮಾಣುಗಳ ಒಂದು ಸರಪಳಿ. ಸರಪಳಿ ಎಷ್ಟು ಉದ್ದ, ಅದರಲ್ಲಿ ದ್ವಿಬಂಧಗಳು (ಇಂಗಾಲಗಳ ನಡುವಿನ ಜೋಡಿ ಕೊಂಡಿಗಳು) ಎಷ್ಟು, ಎಲ್ಲೆಲ್ಲಿ ಎಂಬ ಮೂರು ಸಂಗತಿಗಳು ಆ ಎಣ್ಣೆಯ ಗುಣವನ್ನು ತೀರ್ಮಾನಿಸುತ್ತವೆ.

ದ್ವಿಬಂಧವೇ ಇಲ್ಲದ್ದು ಪರ್ಯಾಪ್ತ ಆಮ್ಲ. ಸರಪಳಿ ನೆಟ್ಟಗಿರುವುದರಿಂದ ಒಂದರ ಪಕ್ಕ ಒಂದು ಒತ್ತಾಗಿ ಕೂತು ಬೇಗ ಹೆಪ್ಪುಗಟ್ಟುತ್ತದೆ. ದ್ವಿಬಂಧ ಬಂದಲ್ಲಿ ಸರಪಳಿ ಬಾಗುತ್ತದೆ, ಒತ್ತಾಗಿ ಕೂರಲಾರದು. ಹದಿನೆಂಟು ಇಂಗಾಲದ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟೇ ಉದ್ದದ ಓಲಿಯಿಕ್ ಆಮ್ಲಕ್ಕೆ ಒಂದು ದ್ವಿಬಂಧವಿದೆ. ಅದು 13 ಡಿಗ್ರಿಯಲ್ಲೇ ಕರಗುತ್ತದೆ. ಎರಡು ದ್ವಿಬಂಧದ ಲಿನೋಲಿಯಿಕ್ ಆಮ್ಲ ಸೊನ್ನೆಗಿಂತ 5 ಡಿಗ್ರಿ ಕೆಳಗೂ ದ್ರವ. ಇನ್ನು ಇಪ್ಪತ್ತು ಇಂಗಾಲ, ಐದು ದ್ವಿಬಂಧದ ‘ಇಪಿಎ’ ಮತ್ತು ಇಪ್ಪತ್ತೆರಡು ಇಂಗಾಲ, ಆರು ದ್ವಿಬಂಧದ ‘ಡಿಎಚ್‌ಎ’ ಸೊನ್ನೆಗಿಂತ 40 ಡಿಗ್ರಿಗೂ ಹೆಚ್ಚು ಕೆಳಗಿಳಿದರಷ್ಟೇ ಗಟ್ಟಿಯಾಗುತ್ತವೆ.

ಮೀನೆಣ್ಣೆಯ ಹೆಸರು ನಿಂತಿರುವುದು ಈ ಕೊನೆಯ ಎರಡರ ಮೇಲೆ. ಇವೆರಡರ ಮೊದಲ ದ್ವಿಬಂಧ, ಸರಪಳಿಯ ಬಾಲದ ತುದಿಯಿಂದ ಎಣಿಸಿದರೆ ಮೂರನೆಯ ಇಂಗಾಲದಲ್ಲಿದೆ. ಒಮೆಗಾ ಎಂದರೆ ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ. ಬಾಲದಿಂದ ಎಣಿಸುವುದಕ್ಕೇ ‘ಒಮೆಗಾ-3’ ಎಂಬ ಹೆಸರು. ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು ಎಣ್ಣೆಗಳಲ್ಲಿ ಸಾಮಾನ್ಯವಾಗಿ ತುಂಬಿರುವ ಲಿನೋಲಿಯಿಕ್ ಆಮ್ಲದಲ್ಲಿ ಆ ದ್ವಿಬಂಧ ಆರನೆಯ ಇಂಗಾಲದಲ್ಲಿದೆ, ಹಾಗಾಗಿ ಅದು ಒಮೆಗಾ-6. ಎರಡೂ ನಮ್ಮ ಮೈಗೆ ಬೇಕು, ಎರಡನ್ನೂ ಮೈ ತಾನಾಗಿ ತಯಾರಿಸಲಾರದು. ಕೆಲವು ಕೊಬ್ಬಿನಾಮ್ಲಗಳು ಅನ್ನದಷ್ಟೇ ಅಗತ್ಯ ಎಂಬುದನ್ನು 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಅಲ್ಲಿಯವರೆಗೆ ಕೊಬ್ಬು ಎಂದರೆ ಬರೀ ಉರುವಲು ಎಂದೇ ಬಹುಮಂದಿ ತಿಳಿದಿದ್ದರು.

ಮಳೆಗಾಲ ಬಡಿಸುವ ಊಟ

ಕಡಲ ಮೀನಿನಲ್ಲಿ ಇಪಿಎ, ಡಿಎಚ್‌ಎ ಏಕೆ ಹೆಚ್ಚು? ಸಾಮಾನ್ಯವಾಗಿ ಕೇಳಿಬರುವ ಉತ್ತರ ‘ತಣ್ಣೀರಿನಲ್ಲಿ ಬದುಕಲು’ ಎಂಬುದು. ಅದರಲ್ಲಿ ಸತ್ಯವಿದೆ. ಚಳಿಯಲ್ಲಿ ಜೀವಕೋಶದ ಪೊರೆ ಸೆಟೆಯದಂತೆ ಬಾಗಿದ ಸರಪಳಿಗಳು ಕಾಯುತ್ತವೆ. ಆದರೆ ನಮ್ಮ ಅರಬ್ಬೀ ಸಮುದ್ರದ ಮೇಲ್ನೀರು ವರ್ಷದ ಬಹುಕಾಲ ಬೆಚ್ಚಗೇ ಇರುತ್ತದೆ. ಆ ಬೆಚ್ಚನೆಯ ನೀರಿನ ಬೂತಾಯಿಯ ಎಣ್ಣೆಯಲ್ಲೂ ಇಪಿಎ, ಡಿಎಚ್‌ಎ ಎರಡೂ ಸೇರಿ ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸಿನಲ್ಲಿರುತ್ತವೆ. ಆದ್ದರಿಂದ ಚಳಿಯೊಂದೇ ಕಾರಣವಲ್ಲ, ದೊಡ್ಡ ಕಾರಣ ಊಟ.

ಬೂತಾಯಿಗೆ ಕುಂದಾಪುರದ ಕಡೆ ಬೈಗೆ ಎನ್ನುತ್ತಾರೆ, ಕಾರವಾರದತ್ತ ತಾರ್ಲಿ, ಕೇರಳದಲ್ಲಿ ಮತ್ತಿ. ಇಂಗ್ಲಿಷಿನಲ್ಲಿ ಅದರ ಹೆಸರೇ ‘ಎಣ್ಣೆ ಸಾರ್ಡೀನ್’. ಇದು ಬೇಟೆಗಾರ ಮೀನಲ್ಲ. ಬಾಯಿ ತೆರೆದು ಈಜುತ್ತ, ಕಿವಿರಿನ ಬಾಚಣಿಗೆಯಂಥ ಎಳೆಗಳಿಂದ ನೀರನ್ನು ಸೋಸಿ, ಕಣ್ಣಿಗೆ ಕಾಣದ ತೇಲುಜೀವಿಗಳನ್ನು ತಿನ್ನುತ್ತದೆ. ಆ ಜೀವಿಗಳಲ್ಲಿ ಮುಖ್ಯವಾದವು ಡಯಾಟಮ್‌ಗಳು, ಅಂದರೆ ಗಾಜಿನಂಥ ಚಿಪ್ಪಿನೊಳಗೆ ಬದುಕುವ ಏಕಕೋಶ ಪಾಚಿಗಳು. ಇಪಿಎಯನ್ನು ಮೊದಲಿನಿಂದ ಕಟ್ಟುವವರು ಇವರೇ. ಡಿಎಚ್‌ಎ ಹೆಚ್ಚಾಗಿ ಡೈನೋಫ್ಲಾಜೆಲೇಟ್‌ಗಳೆಂಬ ಮತ್ತೊಂದು ಗುಂಪಿನ ತೇಲುಜೀವಿಗಳಿಂದ ಬರುತ್ತದೆ. ಬೂತಾಯಿ ಅವನ್ನು ತಿಂದು ನೆಣದಲ್ಲಿ ಕೂಡಿಡುತ್ತದೆ. ಬೂತಾಯಿಯನ್ನು ನುಂಗಿದ ಅಂಜಲ್, ಅಂಜಲನ್ನು ತಿಂದ ನಾವು, ಎಲ್ಲರೂ ಆ ಪಾಚಿಯ ದುಡಿಮೆಯನ್ನೇ ಉಣ್ಣುವವರು.

ಈ ಊಟ ಬಡಿಸುವುದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಗಾಳಿ ಪಶ್ಚಿಮ ಕರಾವಳಿಯ ಮೇಲ್ನೀರನ್ನು ತೀರದಿಂದ ಆಚೆಗೆ ಸರಿಸುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಕೇರಳದಿಂದ ದಕ್ಷಿಣ ಕನ್ನಡದವರೆಗೆ ಇದರ ಬಲ ಹೆಚ್ಚು. ಆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಉಪ್ಪುಗಳು ಸಮೃದ್ಧ. ಗೊಬ್ಬರ ಬಿದ್ದ ಗದ್ದೆಯಂತೆ ಕಡಲು ಡಯಾಟಮ್‌ಗಳಿಂದ ಹಸಿರಾಗುತ್ತದೆ. ಬೂತಾಯಿ ಮೊಟ್ಟೆಯಿಡುವುದೂ ಇದೇ ಕಾಲದಲ್ಲಿ. ಮೊಟ್ಟೆಯಿಟ್ಟು ಬಳಲಿದ ಮೀನು ಆಮೇಲೆ ತಿಂದು ತಿಂದು ಮೈ ತುಂಬಿಕೊಳ್ಳುತ್ತದೆ. ಬೇಸಿಗೆಯ ಕೊನೆಗೆ ನೂರು ಗ್ರಾಂ ಮಾಂಸದಲ್ಲಿ ಎರಡು ಮೂರು ಗ್ರಾಂಗೆ ಇಳಿಯುವ ನೆಣ, ಅಕ್ಟೋಬರ್ ನವೆಂಬರ್ ಹೊತ್ತಿಗೆ ಹತ್ತು ದಾಟಿ, ಒಳ್ಳೆಯ ವರ್ಷದಲ್ಲಿ ಹದಿನೈದನ್ನೂ ಮೀರುತ್ತದೆ. ಮಂಗಳೂರಿನ ಆ ಅಕ್ಕ ಹೆಬ್ಬೆರಳಿನಿಂದ ಅಳೆದದ್ದು ಈ ಋತುಚಕ್ರವನ್ನೇ.

ಕೊಳದ ಕತೆ ಬೇರೆ

ಸಿಹಿನೀರಿನ ಮೀನಿನ ನೆಣದಲ್ಲಿ ಹದಿನಾರು, ಹದಿನೆಂಟು ಇಂಗಾಲದ ಸರಪಳಿಗಳದ್ದೇ ಮೇಲುಗೈ. ಪಾಮಿಟಿಕ್, ಓಲಿಯಿಕ್ ಆಮ್ಲಗಳು ದೊಡ್ಡ ಪಾಲು. ಜೊತೆಗೆ ಒಮೆಗಾ-6 ಬಳಗದ ಲಿನೋಲಿಯಿಕ್ ಮತ್ತು ಅರಾಕಿಡೋನಿಕ್ ಆಮ್ಲಗಳು ಕಡಲ ಮೀನಿಗಿಂತ ಎದ್ದು ಕಾಣುತ್ತವೆ. ಒಮೆಗಾ-6 ಒಂದು ಪಾಲಿದ್ದರೆ ಒಮೆಗಾ-3 ಎಷ್ಟು ಎಂದು ಲೆಕ್ಕ ಹಾಕಿದಾಗ, ಕಡಲ ಮೀನುಗಳಲ್ಲಿ ಅದು ಸಾಮಾನ್ಯವಾಗಿ ಐದರಿಂದ ಹದಿನಾಲ್ಕರವರೆಗೆ ಇರುತ್ತದೆ. ಸಿಹಿನೀರಿನ ಮೀನುಗಳಲ್ಲಿ ಅರ್ಧದಿಂದ ನಾಲ್ಕರೊಳಗೆ.

ಹಾಗೆಂದು ಸಿಹಿನೀರಿನ ಮೀನು ಅಸಮರ್ಥ ಎಂದು ತಿಳಿಯಬೇಡಿ. ಒಂದು ವಿಷಯದಲ್ಲಿ ಅದೇ ಹೆಚ್ಚು ಚತುರ. ಗೆಂಡೆ, ತಿಲಾಪಿಯದಂಥ ಮೀನುಗಳು ಒಮೆಗಾ-3 ಬಳಗದ, ಹದಿನೆಂಟು ಇಂಗಾಲದ ಲಿನೋಲೆನಿಕ್ ಆಮ್ಲ ಸಿಕ್ಕರೆ ಅದನ್ನು ಉದ್ದ ಮಾಡಿ, ದ್ವಿಬಂಧ ಸೇರಿಸಿ, ಒಂದಿಷ್ಟು ಇಪಿಎ, ಡಿಎಚ್‌ಎಯನ್ನು ತಾವೇ ಕಟ್ಟಿಕೊಳ್ಳಬಲ್ಲವು. ಬೇಟೆಯಾಡಿ ಬದುಕುವ ಅನೇಕ ಕಡಲ ಮೀನುಗಳಲ್ಲಿ ಆ ಶಕ್ತಿ ತೀರಾ ಕ್ಷೀಣ. ಸಿದ್ಧ ಅಡುಗೆ ತಲೆಮಾರುಗಳಿಂದ ಸಿಗುತ್ತ ಬಂದ ಮನೆಯಲ್ಲಿ ಒಲೆ ಹಚ್ಚುವುದು ಮರೆತುಹೋಗುವ ಹಾಗೆ.

ಮನುಷ್ಯರೂ ಈ ವಿದ್ಯೆಯಲ್ಲಿ ಹಿಂದೆ. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯ ಪಕ್ಕದಲ್ಲಿರುವ ಅಗಸಿ ಹಿಂಡಿಯನ್ನೇ ನೋಡಿ. ಅಗಸೆ ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಲಿನೋಲೆನಿಕ್ ಆಮ್ಲ, ಒಮೆಗಾ-3ರ ಗಿಡಮೂಲದ ರೂಪ. ಅದು ಒಳ್ಳೆಯ ಆಹಾರವೇ. ಆದರೆ ನಮ್ಮ ಮೈ ಅದರಲ್ಲಿ ನೂರಕ್ಕೆ ಕೆಲವೇ ಪಾಲನ್ನು ಇಪಿಎ ಮಾಡಿಕೊಳ್ಳುತ್ತದೆ. ಡಿಎಚ್‌ಎ ಆಗುವುದು ಇನ್ನೂ ಅತ್ಯಲ್ಪ. ಸಸ್ಯಾಹಾರಿಗಳಿಗೆ ನೇರ ದಾರಿ ಬೇಕೆಂದರೆ ಮೀನಿನ ಬದಲು ಮೀನಿನ ಗುರುವಿನ ಬಳಿಗೇ ಹೋಗಬಹುದು. ತೊಟ್ಟಿಗಳಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳಿಂದ ತೆಗೆದ ಡಿಎಚ್‌ಎ ಎಣ್ಣೆ ಈಗ ಮಾರುಕಟ್ಟೆಯಲ್ಲಿದೆ.

ಮತ್ತೆ ಕೊಳಕ್ಕೆ ಬರೋಣ. ಕಾಟ್ಲಾ, ರೋಹು, ಮೃಗಾಲ್ ಸಾಕುವ ರೈತರು ಹಾಕುವ ಮೇವು ಹೆಚ್ಚಾಗಿ ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ. ಎರಡರಲ್ಲೂ ಉಳಿದಿರುವ ಎಣ್ಣೆ ಓಲಿಯಿಕ್ ಮತ್ತು ಲಿನೋಲಿಯಿಕ್‌ನದ್ದು. ಒಮೆಗಾ-3 ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತೌಡು ತಿಂದ ಮೀನಿನ ನೆಣ ತೌಡಿನೆಣ್ಣೆಯನ್ನು ಹೋಲತೊಡಗಿದರೆ ಆಶ್ಚರ್ಯವೇನು? ಅದೇ ಮೀನು ಡಯಾಟಮ್‌ಗಳೂ ಹೇರಳ ತೇಲುಜೀವಿಗಳೂ ಇರುವ ತಿಳಿನೀರಿನ ಜಲಾಶಯದಲ್ಲಿ ಬೆಳೆದರೆ ನೆಣವೂ ಬದಲಾಗುತ್ತದೆ.

ಇಲ್ಲಿ ಕೆರೆಯ ಆರೋಗ್ಯದ ಪ್ರಶ್ನೆ ಬರುತ್ತದೆ. ಚರಂಡಿ ನೀರು ಸೇರಿ ಕೊಬ್ಬಿದ ಕೆರೆಯ ಮೇಲೆ ಬಣ್ಣ ಎರಚಿದಂತೆ ನೀಲಿಹಸಿರು ಕೆನೆ ಕಟ್ಟುವುದನ್ನು ನಮ್ಮ ಎಷ್ಟೋ ಊರುಗಳಲ್ಲಿ ನೋಡಬಹುದು. ಆ ನೀಲಿಹಸಿರು ಪಾಚಿಗಳು ಇಪಿಎ, ಡಿಎಚ್‌ಎ ತಯಾರಿಸುವುದಿಲ್ಲ. ಅವು ಹೆಚ್ಚಿ ಡಯಾಟಮ್‌ಗಳು ಕುಗ್ಗಿದರೆ ಊಟದ ಬುಡವೇ ಬಡವಾಗುತ್ತದೆ. ಫಿನ್‌ಲ್ಯಾಂಡಿನ ಸರೋವರಗಳಲ್ಲಿ ಪರ್ಚ್ ಮೀನುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಪೋಷಕಾಂಶ ಅತಿಯಾಗಿ ಕೆಟ್ಟ ನೀರಿನ ಮೀನಿನಲ್ಲಿ ಈ ಎರಡು ಆಮ್ಲಗಳು ಕಡಿಮೆಯಾದುದನ್ನು ಕಂಡಿದ್ದಾರೆ. ಕೆರೆ ಕೆಟ್ಟರೆ ಮೀನು ಸಾಯದೆಯೂ ಸೊರಗುತ್ತದೆ.

ಶೇಕಡಾವಾರು ನೋಡಿ ಮೋಸಹೋಗಬೇಡಿ

ಒಂದು ಎಚ್ಚರಿಕೆ. ‘ಈ ಮೀನಿನ ಕೊಬ್ಬಿನಲ್ಲಿ ನೂರಕ್ಕೆ ಇಷ್ಟು ಡಿಎಚ್‌ಎ’ ಎಂಬ ಅಂಕಿಯೊಂದೇ ಸಾಲದು. ನೆಣವಿಲ್ಲದ ಮೀನಿನಲ್ಲಿ ಇರುವ ಒಂದು ಗ್ರಾಂ ಕೊಬ್ಬೂ ಬಹುಪಾಲು ಜೀವಕೋಶಗಳ ಪೊರೆಯದ್ದು. ಪೊರೆಯಲ್ಲಿ ಡಿಎಚ್‌ಎ ಪ್ರಮಾಣ ಹೆಚ್ಚಿರುವುದರಿಂದ ಶೇಕಡಾವಾರು ಅಂಕಿ ದೊಡ್ಡದಾಗಿ ಕಾಣುತ್ತದೆ, ತಟ್ಟೆಗೆ ಬರುವುದು ಮಾತ್ರ ಸ್ವಲ್ಪ.

ಒಂದು ಅಂದಾಜು ಲೆಕ್ಕ ಹಾಕೋಣ. ಹತ್ತು ಗ್ರಾಂ ನೆಣವಿರುವ ನೂರು ಗ್ರಾಂ ಬೂತಾಯಿ, ಅದರಲ್ಲಿ ಕಾಲು ಭಾಗ ಇಪಿಎ ಮತ್ತು ಡಿಎಚ್‌ಎ ಎಂದಿಟ್ಟುಕೊಂಡರೆ ಎರಡೂವರೆ ಗ್ರಾಂ. ಸೊರಗಿದ ಬೇಸಿಗೆಯ ಬೂತಾಯಿಯಲ್ಲೂ ಅರ್ಧ ಗ್ರಾಂನಷ್ಟಾದರೂ ಇರುತ್ತದೆ. ಎರಡು ಗ್ರಾಂ ಕೊಬ್ಬಿನ ಕಾಟ್ಲಾ ತುಂಡಿನಲ್ಲಿ ಇವೆರಡೂ ನೂರಕ್ಕೆ ಎಂಟರಂತಿದ್ದರೆ ಸುಮಾರು ಒಂದು ಗ್ರಾಂನ ಆರನೆಯ ಒಂದು ಭಾಗ. ಔಷಧದಂಗಡಿಯಲ್ಲಿ ಸಿಗುವ ಸಾಧಾರಣ ಸಾವಿರ ಮಿಲಿಗ್ರಾಂ ಮೀನೆಣ್ಣೆ ಮಾತ್ರೆಯಲ್ಲಿ 180 ಮಿಲಿಗ್ರಾಂ ಇಪಿಎ, 120 ಮಿಲಿಗ್ರಾಂ ಡಿಎಚ್‌ಎ ಇರುತ್ತದೆ. ಅಂದರೆ ಹಂಗಾಮಿನ ಬೂತಾಯಿಯ ಒಂದು ಊಟ ಎಂಟು ಮಾತ್ರೆಗಳಿಗೆ ಸಮ. ವಯಸ್ಕರಿಗೆ ದಿನಕ್ಕೆ ಸರಾಸರಿ 250 ಮಿಲಿಗ್ರಾಂನಿಂದ 2 ಗ್ರಾಂವರೆಗೆ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2008ರಲ್ಲಿ ಹೇಳಿದ ಮಿತಿ. ವಾರಕ್ಕೆ ಎರಡು ಸಲ ಬೂತಾಯಿಯೋ ಬಂಗುಡೆಯೋ ತಿನ್ನುವ ಮನೆಗೆ ಇದು ದೂರದ ಗುರಿಯಲ್ಲ.

ದೋಣಿಗೆ ಬಳಿದ ಎಣ್ಣೆ

ಕರಾವಳಿಗೆ ಮೀನೆಣ್ಣೆ ಹೊಸದಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿಯ ಒತ್ತಾಸೆಯಿಂದ ಪಶ್ಚಿಮ ತೀರದಲ್ಲಿ ಬೂತಾಯಿ ಎಣ್ಣೆಯ ಸಣ್ಣ ಕಾರ್ಖಾನೆಗಳು ಎದ್ದವು. ಮೀನನ್ನು ನೀರಿನಲ್ಲಿ ಬೇಯಿಸಿ, ಹಿಂಡಿ, ತೇಲಿದ ಎಣ್ಣೆ ತೆಗೆಯುತ್ತಿದ್ದರು. ಉಳಿದ ಚರಟ ತೋಟಗಳಿಗೆ ಗೊಬ್ಬರ. ಎಣ್ಣೆ ಚರ್ಮ ಹದಮಾಡಲು, ಸಾಬೂನಿಗೆ, ಮರದ ದೋಣಿಗೆ ಬಳಿಯಲು ಹೋಗುತ್ತಿತ್ತು. ದೋಣಿಗೆ ಬಳಿದ ಮೀನೆಣ್ಣೆ ಗಾಳಿಗೆ ಒಣಗಿ ಅಂಟಾದ ಪೊರೆ ಕಟ್ಟುವುದು ಅದೇ ದ್ವಿಬಂಧಗಳಿಂದ. ಆಮ್ಲಜನಕ ದ್ವಿಬಂಧಗಳ ನಡುವಿನ ಸಡಿಲ ಜಾಗದಲ್ಲಿ ಕೈಹಾಕಿ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ತೆಂಗಿನೆಣ್ಣೆ ಹೀಗೆ ಒಣಗುವುದಿಲ್ಲ, ಅದರಲ್ಲಿ ದ್ವಿಬಂಧ ತೀರಾ ಕಡಿಮೆ.

ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಕಾಡ್ ಮೀನಿನ ಯಕೃತ್ತಿನೆಣ್ಣೆ ಬರುವುದು ನಿಂತಾಗ, 1940ರ ಸುಮಾರಿಗೆ ನಮ್ಮಲ್ಲಿ ತಾಟೆ ಅಂದರೆ ಶಾರ್ಕ್ ಮೀನಿನ ಯಕೃತ್ತಿನೆಣ್ಣೆ ತೆಗೆಯುವ ಉದ್ಯಮ ಶುರುವಾಯಿತು. ಆ ಎಣ್ಣೆಯನ್ನು ಮಕ್ಕಳಿಗೆ ಕುಡಿಸುತ್ತಿದ್ದುದು ಎ ಜೀವಸತ್ವಕ್ಕಾಗಿ. ಯಕೃತ್ತಿನ ಎಣ್ಣೆ ಬೇರೆ, ಮೈಯ ಎಣ್ಣೆ ಬೇರೆ. ಒಮೆಗಾ-3 ಸಿಗಲೆಂದು ಯಕೃತ್ತಿನೆಣ್ಣೆಯನ್ನು ಮನಬಂದಂತೆ ಕುಡಿದರೆ ಎ ಜೀವಸತ್ವ ಮಿತಿಮೀರುವ ಅಪಾಯವಿದೆ.

ಗ್ರೀನ್‌ಲ್ಯಾಂಡಿನಿಂದ ಬಂದ ಸುದ್ದಿ

ಮೀನೆಣ್ಣೆ ಹೃದಯದ ಮದ್ದಾಗಿ ಹೆಸರಾದದ್ದು 1970ರ ದಶಕದಲ್ಲಿ. ಡೆನ್ಮಾರ್ಕಿನ ವೈದ್ಯರಾದ ಹಾನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡ್ಯೂಯರ್‌ಬರ್ಗ್ ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರ ರಕ್ತ ಪರೀಕ್ಷಿಸಿ, ಸೀಲ್, ತಿಮಿಂಗಿಲ, ಮೀನು ತಿನ್ನುವ ಅವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಕಡಿಮೆ, ಇಪಿಎ ಹೆಚ್ಚು ಎಂದು ಬರೆದರು. ಹೃದ್ರೋಗ ಅಲ್ಲಿ ಅಪರೂಪ ಎಂಬ ಮಾತನ್ನು ಮಾತ್ರ ಅವರು ಸ್ವತಃ ತನಿಖೆ ಮಾಡಿರಲಿಲ್ಲ. ಸ್ಥಳೀಯ ಆರೋಗ್ಯ ದಾಖಲೆಗಳನ್ನು ನಂಬಿದ್ದರು. 2014ರಲ್ಲಿ ಕೆನಡಾದ ಸಂಶೋಧಕರು ಇದನ್ನು ಎತ್ತಿ ತೋರಿಸಿದರು.

ವೇಲ್ಸ್‌ನಲ್ಲಿ ನಡೆದು 1989ರಲ್ಲಿ ಪ್ರಕಟವಾದ ಪ್ರಯೋಗವೊಂದು ಹೃದಯಾಘಾತದಿಂದ ಚೇತರಿಸಿಕೊಂಡ 2,033 ಗಂಡಸರನ್ನು ಒಳಗೊಂಡಿತ್ತು. ಅವರಲ್ಲಿ ನೆಣದ ಮೀನು ತಿನ್ನುವ ಸಲಹೆ ಪಡೆದವರ ಸಾವು ಎರಡು ವರ್ಷದಲ್ಲಿ ಶೇ 29ರಷ್ಟು ಕಡಿಮೆಯಾಗಿತ್ತು. ಆದರೆ ಮಾತ್ರೆಗಳ ಕತೆ ಅಷ್ಟು ನೇರವಾಗಿಲ್ಲ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ವೈಟಲ್’ ಪ್ರಯೋಗದಲ್ಲಿ, ಆರೋಗ್ಯವಂತರು ದಿನಕ್ಕೊಂದು ಗ್ರಾಂ ಮಾತ್ರೆ ನುಂಗಿದ್ದರಿಂದ ದೊಡ್ಡ ಹೃದಯ ಸಂಬಂಧಿ ಅವಘಡಗಳು ಒಟ್ಟಾರೆಯಾಗಿ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ವೈದ್ಯರು ದೊಡ್ಡ ಪ್ರಮಾಣದಲ್ಲಿ ಬರೆದುಕೊಡುವುದು ಬೇರೆ ವಿಷಯ. ಮಿದುಳು, ಕಣ್ಣಿನ ಅಕ್ಷಿಪಟಲಗಳಲ್ಲಿ ಡಿಎಚ್‌ಎ ತುಂಬಿದೆ ಎಂಬುದೂ, ಗರ್ಭಿಣಿ ಮತ್ತು ಕೂಸಿಗೆ ಅದು ಬೇಕೆಂಬುದೂ ದೃಢವಾದ ಸಂಗತಿ. ಮೀನು ಊಟವಾಗಿ ಬಂದರೆ ಪ್ರೋಟೀನ್, ಸೆಲೆನಿಯಂ, ಡಿ ಜೀವಸತ್ವಗಳೂ ಜೊತೆಗೆ ಬರುತ್ತವೆ.

ಸಾರೋ, ಫ್ರೈಯೋ?

ಬೂತಾಯಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಎಣ್ಣೆ ಬಾಣಲೆಗೆ ಸೋರುತ್ತದೆ, ಬಾಣಲೆಯ ಎಣ್ಣೆ ಮೀನಿಗೆ ಸೇರುತ್ತದೆ. ಸಾರಿನಲ್ಲಿ ಬಿಟ್ಟ ಎಣ್ಣೆ ಗಡಿಗೆಯಲ್ಲೇ ಉಳಿದು ಅನ್ನದ ಜೊತೆ ಹೊಟ್ಟೆಗೆ ಹೋಗುತ್ತದೆ. ಅಂಚಿನಲ್ಲಿ ಕಟ್ಟಿದ ಆ ಕೆಂಪು ಉಂಗುರವನ್ನು ಸೌಟಿನಿಂದ ತೆಗೆದು ಚೆಲ್ಲಬೇಡಿ. ಇನ್ನು, ದೋಣಿಯನ್ನು ಕಾಯುವ ದ್ವಿಬಂಧವೇ ಅಡುಗೆಮನೆಯಲ್ಲಿ ತೊಡಕು. ನೆಣದ ಮೀನನ್ನು ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಗಾಳಿ ತಾಗಿ ಕನರು ಹಿಡಿಯುತ್ತದೆ. ಮಾತ್ರೆ ಕಚ್ಚಿದಾಗ ಕೆಟ್ಟ ವಾಸನೆ ಬಂದರೂ ಅದೇ ಕಾರಣ. ತಾಜಾ ತಂದು ತಾಜಾ ಬೇಯಿಸುವುದೇ ಸರಿ.

ಯಾರ ತಟ್ಟೆಗೆ?

ಮಾರುಕಟ್ಟೆಯಲ್ಲಿ ಅಂಜಲ್, ಮಾಂಜಿಗಳ ಮುಂದೆ ಬೂತಾಯಿ ಬಡವರ ಮೀನು. ಒಮೆಗಾ-3 ಲೆಕ್ಕದಲ್ಲಿ ಅದೇ ಸಿರಿವಂತ. ಸಣ್ಣ ಮೀನಾದ್ದರಿಂದ ಅಂಜಲ್, ತಾಟೆಗಳಂಥ ದೊಡ್ಡ ಬೇಟೆಗಾರರಲ್ಲಿ ಶೇಖರವಾಗುವ ಪಾದರಸದ ಭಯವೂ ಅದರಲ್ಲಿ ಕಡಿಮೆ. ಆದರೆ ಈ ಮೀನು ಸದಾ ಸಿಗುವ ಮೀನಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ತಿರ ಸಿಕ್ಕ ಮತ್ತಿ, 2021ರಲ್ಲಿ ಸುಮಾರು 3,300 ಟನ್‌ಗೆ ಕುಸಿಯಿತು. ಆಮೇಲೆ ಮತ್ತೆ ಏರಿತು. ಕಡಲಿನ ಬಿಸಿ, ಮಳೆಗಾಲದ ಏರುಪೇರಿನ ಜೊತೆಗೆ ಮರಿಮೀನುಗಳನ್ನು ಬಾಚುವ ನಮ್ಮ ಬಲೆಯ ಪಾಲೂ ಅದರಲ್ಲಿದೆ.

ಮರಿಮೀನು, ಸಣ್ಣಮೀನುಗಳ ದೊಡ್ಡ ರಾಶಿ ಇಂದು ನಮ್ಮ ಕರಾವಳಿಯ ಮೀನುಹಿಟ್ಟು, ಮೀನೆಣ್ಣೆ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿಂದ ಸಿಗಡಿ ಕೊಳಗಳಿಗೆ, ಸಾಕುಮೀನಿನ ಮೇವಿಗೆ. ಜಗತ್ತಿನೆಲ್ಲೆಡೆ ಹೀಗೇ ನಡೆದು ಮೀನೆಣ್ಣೆ ಸಾಲದಾಗಿದೆ. ಸ್ಕಾಟ್ಲೆಂಡಿನ ಸಾಕು ಸಾಲ್ಮನ್ ಮೇವಿನಲ್ಲಿ ಮೀನೆಣ್ಣೆಯ ಬದಲು ಗಿಡದ ಎಣ್ಣೆ ಹೆಚ್ಚಿದ್ದರಿಂದ, 2006ರಿಂದ 2015ರೊಳಗೆ ಆ ಮೀನಿನ ಇಪಿಎ, ಡಿಎಚ್‌ಎ ಪ್ರಮಾಣ ಅರ್ಧಕ್ಕಿಳಿಯಿತು. ಮೇವು ಬದಲಾದರೆ ನೆಣ ಬದಲಾಗುತ್ತದೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅದೇ ಮಾತು ಒಳನಾಡಿಗೆ ಭರವಸೆಯೂ ಹೌದು. ಕಡಲ ಮೀನು ತಲುಪದ ಊರುಗಳಿಗೆ ಕೊಳದ ಮೀನೇ ಆಸರೆ. ತಿಲಾಪಿಯದ ಮೇವಿಗೆ ಅಗಸೆ ಎಣ್ಣೆ ಬೆರೆಸಿದರೆ ನೆಣದಲ್ಲಿ ಒಮೆಗಾ-3 ಏರುವುದು ಪ್ರಯೋಗಗಳಲ್ಲಿ ಕಂಡಿದೆ. ಅಗಸೆ ಬೆಳೆಯುವ ನಾಡು ನಮ್ಮದು. ಮೀನು ಸಾಕುವ ರೈತರಿಗೆ ಅಗಸೆ ಹಿಂಡಿಯನ್ನು ಕೈಗೆಟಕುವ ಬೆಲೆಗೆ ಒದಗಿಸುವ ಬಗ್ಗೆ, ಕೆರೆಗೆ ಚರಂಡಿ ಸೇರದಂತೆ ತಡೆಯುವ ಬಗ್ಗೆ ಮೀನುಗಾರಿಕೆ ಇಲಾಖೆಯೂ ಪಂಚಾಯಿತಿಗಳೂ ಯೋಚಿಸಬೇಕು. ಬೂತಾಯಿ ಮರಿಗಳನ್ನು ಹಿಟ್ಟಿನ ಕಾರ್ಖಾನೆಗೆ ಕಳಿಸುವುದು ನಿಲ್ಲಬೇಕು. ನಾವು ಕೊಳ್ಳುವವರು ಮಾಡಬಹುದಾದ್ದು ಒಂದಿದೆ: ಬೆರಳುದ್ದದ ಮರಿಯನ್ನು ಕೊಳ್ಳದಿರಿ, ನೆಣ ಹಿಡಿದ ಕಾಲದಲ್ಲಿ ಬೆಳೆದ ಬೂತಾಯಿಯನ್ನು ಕೊಳ್ಳಿ, ಸಾರು ಮಾಡಿ ತಿನ್ನಿ. ಕಾಟ್ಲಾ ಕೊಳ್ಳುವಾಗ ಯಾವ ನೀರಿನದ್ದು, ಏನು ತಿಂದು ಬೆಳೆದದ್ದು ಎಂದು ಒಂದು ಮಾತು ಕೇಳಿ.